ಪಿಟಿ ಪೀರಿಯಡ್ ಇರುವ ದಿನ ಮಗಳಿಗೆ ಹೊಟ್ಟೆನೋವು. ಶಾಲೆಗೆ ಚೀಟಿ ಕೊಟ್ಟು ಬಿಡಿಸಬಹುದಾ?

ಕುಂಜಿಬೆಟ್ಟು ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 8 ವರ್ಷ. ಉಡುಪಿಯ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸು. ವಾರಕ್ಕೆ ಎರಡು ಪಿಟಿ ಪೀರಿಯಡ್, ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ದೋಸೆ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಬುಧವಾರ ನೋವೂ ಇಲ್ಲ, ಏನೂ ಇಲ್ಲ, ಇನ್ನೊಂದು ದೋಸೆ ಹಾಕು ಅನ್ನುತ್ತಾಳೆ.

ಮೆಲ್ಲ ಕೇಳಿದೆ. "ಬಾಲ್ ಬಿಸಾಡುವ ಆಟ ಆಡಿಸ್ತಾರೆ. ನಾನು ಮೊದಲೇ ಔಟ್. ಮತ್ತೆ ಬೆಲ್ ಆಗುವವರೆಗೆ ಕಟ್ಟೆಯಲ್ಲಿ ಕೂತುಕೊಳ್ಳುವುದು" ಅಂದಳು. ಹೋದ ತಿಂಗಳು ಎಲ್ಲರನ್ನೂ 600 ಮೀಟರ್ ಓಡಿಸಿದರಂತೆ. ಕೊನೆಯ ಸುತ್ತಿನಲ್ಲಿ ಮೈದಾನದಲ್ಲಿ ಇವಳೊಬ್ಬಳೇ. ಉಳಿದವರು ನಿಂತು ಚಪ್ಪಾಳೆ ತಟ್ಟಿದರಂತೆ. ಎಂತಹ ಚಪ್ಪಾಳೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಂತ ಪಿಟಿ ಇರಲೇ ಇಲ್ಲ. ಆ ಪೀರಿಯಡ್‌ನಲ್ಲಿ ಗಣಿತ ಮಾಡಿದರು. ಇವಳಿಗೆ ಅದೇ ಖುಷಿ.

ಇವರು ಹೇಳುತ್ತಾರೆ, ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿ ಕೊಡುವ, ಮಗು ಆ ಹೊತ್ತು ಲೈಬ್ರರಿಯಲ್ಲಿ ಕೂರಲಿ ಅಂತ. ಅತ್ತೆ ಅಂತೂ "ಹುಡುಗಿಗೆ ಓಟ ಎಂತಕ್ಕೆ" ಅಂದು ಮುಗಿಸಿದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಚೀಟಿ ಕೊಡಬಹುದಾ? ಕೊಡದಿದ್ದರೆ ಶಾಲೆಯಲ್ಲಿ ಹೋಗಿ ಎಂತ ಅಂತ ಕೇಳುವುದು?

ಸುರತ್ಕಲ್‌ನವ

ಚೀಟಿ ಗೀಟಿ ಬೇಡ ಅಕ್ಕ. ಈಗಿನ ಮಕ್ಕಳಿಗೆ ಸೋತು ಗೊತ್ತೇ ಇಲ್ಲ. ಕೊನೆಗೆ ಬಂದರೆ ಬರಲಿ, ಮುಂದಿನ ಸಲ ಹಠ ಹುಟ್ಟುತ್ತದೆ. ನಮ್ಮ ಮಂಗಳೂರಿನ ಪೂವಮ್ಮ ಏಷ್ಯನ್ ಗೇಮ್ಸ್ ರಿಲೇಯಲ್ಲಿ ಚಿನ್ನ ತಂದರು. ಕಾರ್ಕಳ ಕಡೆಯ ಮಮತಾ ಪೂಜಾರಿಗೆ ಕಬಡ್ಡಿಯಲ್ಲಿ ಅರ್ಜುನ ಪ್ರಶಸ್ತಿ ಬಂತು. ಲೈಬ್ರರಿಯಲ್ಲಿ ಕೂತು ಸಿಕ್ಕಿದ್ದಲ್ಲ ಅದು. ಸ್ಪರ್ಧೆ ಬೇಡ, ಮಗುವಿಗೆ ಬೇಸರ ಆಗುತ್ತದೆ ಅಂತ ಹೇಳುತ್ತಾ ಹೋದರೆ ನಾಳೆ ಪರೀಕ್ಷೆಯೂ ಬೇಡ ಅನ್ನುತ್ತಾರೆ.

ಬ್ರಹ್ಮಾವರ ಪಿಟಿ ಮಾಸ್ಟ್ರು

ಮೇಡಂ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪಿಟಿ ಮಾಸ್ಟ್ರು. ರಿಟೈರ್ ಆಗಲಿಕ್ಕೆ ಜಾಸ್ತಿ ಸಮಯ ಇಲ್ಲ, ಹಾಗಾಗಿ ನೇರ ಹೇಳುತ್ತೇನೆ. ಚೀಟಿ ಕೊಡಬೇಡಿ. ಆದರೆ ಸುರತ್ಕಲ್‌ನವರು ಹೇಳಿದ ಕಾರಣಕ್ಕಲ್ಲ.

ಸೋಲಬೇಕಾದರೂ ಮೊದಲು ಆಡಬೇಕಲ್ವಾ? ನಿಮ್ಮ ಮಗಳಿಗೆ ಆಡಲಿಕ್ಕೇ ಸಿಗುತ್ತಿಲ್ಲ. ಔಟ್ ಆದವರು ಹೊರಗೆ ಅನ್ನುವ ಆಟದಲ್ಲಿ ಮೊದಲು ಹೊರಗೆ ಬರುವವರು ಯಾರು? ಓಡಲು ಕಷ್ಟ ಇರುವವರು, ಚೆಂಡಿಗೆ ಹೆದರುವವರು. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಕಟ್ಟೆಯಲ್ಲಿ. ಮನೆಗೆ ಹೋಗಿ ಗದ್ದೆಯಲ್ಲಿ ಕತ್ತಲಾಗುವವರೆಗೆ ಆಡುವ ನಾಲ್ಕು ಪೋಕರಿಗಳು ಮಾತ್ರ ಇಡೀ ಪೀರಿಯಡ್ ಆಡುತ್ತಾರೆ. ಅವರಿಗೆ ಪಿಟಿ ಮಾಸ್ಟ್ರೇ ಬೇಡ ಮಾರಾಯ್ರೆ.

ರಿಲೇ ಆಡಿಸಿದರೂ ಅದೇ ಕತೆ. ಲೆಕ್ಕ ಹಾಕಿ ನೋಡಿ. ಕ್ಲಾಸಿನಲ್ಲಿ 40 ಮಕ್ಕಳು, ಎರಡು ಸಾಲು. ಒಬ್ಬೊಬ್ಬರು ಹೋಗಿ ಬರಲು 15 ಸೆಕೆಂಡ್. ಸಾಲಿನ 20 ಮಕ್ಕಳು ಮುಗಿಯಲು 5 ನಿಮಿಷ. 40 ನಿಮಿಷದ ಪೀರಿಯಡ್‌ನಲ್ಲಿ ಸಾಲು ಮಾಡುವುದು, ಹಾಜರಿ, ನೀರು ಅಂತ 10 ನಿಮಿಷ ಹೋಯಿತು. ಉಳಿದ 30 ನಿಮಿಷದಲ್ಲಿ ಆರು ಸರದಿ. ಅಂದರೆ ಒಂದು ಮಗು ಓಡಿದ್ದು ಒಟ್ಟು 90 ಸೆಕೆಂಡ್! ಉಳಿದ ಹೊತ್ತು ಮುಂದಿನವಳ ಜಡೆ ಎಳೆಯುವುದು, ಹಿಂದಿನವನಿಗೆ ಗುದ್ದುವುದು. ಆಮೇಲೆ ಮಕ್ಕಳಿಗೆ ಶಿಸ್ತಿಲ್ಲ ಅಂತ ನಾವೇ ಬೈಯುವುದು.

ಇನ್ನೊಂದು ಲೆಕ್ಕ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವ ಹಾಗೆ ಮೈ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ 420 ನಿಮಿಷ ಆಯಿತು. ನಮ್ಮ ಕೈಯಲ್ಲಿ ಇರುವುದು 80. ಅದರಲ್ಲೇ ಎಲ್ಲ ಮುಗಿಸಲು ಯಾವ ಮಾಸ್ಟ್ರಿಗೂ ಆಗುವುದಿಲ್ಲ. ಹಾಗಾಗಿ ಈ ವಯಸ್ಸಿಗೆ ಪಿಟಿ ಪೀರಿಯಡ್‌ನ ಕೆಲಸ ಒಂದೇ. ಓಡುವುದು, ಹಾರುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು ಇಷ್ಟು ಕೈಗೆ ಹತ್ತಿಸಿ, ಮಗು ಸಂಜೆ ತಾನಾಗಿ ಆಡಲು ಹೊರಡುವ ಹಾಗೆ ಮಾಡುವುದು. ಮಂಗಳವಾರ ಹೊಟ್ಟೆನೋವು ಬರಿಸುವ ಪೀರಿಯಡ್ ಇದರ ಉಲ್ಟಾ ಕೆಲಸ ಮಾಡುತ್ತಿದೆ.

ನಾನು ಒಂದರಿಂದ ನಾಲ್ಕರವರೆಗೆ ಔಟ್ ಇಟ್ಟುಕೊಂಡೇ ಇಲ್ಲ. ಚೆಂಡು ತಾಗಿತಾ, ಹೋಗಿ ಹಲಸಿನ ಮರ ಮುಟ್ಟಿ ಬಾ, ಮತ್ತೆ ಸೇರು. ಬೇಗ ಸಿಕ್ಕಿಬೀಳುವ ಮಗು ಜಾಸ್ತಿ ಸಲ ಮರಕ್ಕೆ ಓಡುತ್ತದೆ, ಕೇಳಿದರೆ ಆಟ ಆಡಿದೆ ಅನ್ನುತ್ತದೆ. ಮುಟ್ಟಾಟ ಆದರೆ ಸಿಕ್ಕಿದವರು ಹಿಡಿಯುವವರ ಕೈ ಹಿಡಿದು ಸರಪಳಿ ಆಗುವುದು. ಕೊನೆಗೆ ಇಡೀ ಕ್ಲಾಸು ಒಂದೇ ಸರಪಳಿ, ಮೈದಾನದ ತುಂಬ ಬೊಬ್ಬೆ. ಹೆಡ್‌ಮಾಸ್ಟ್ರು ಕಿಟಕಿಯಲ್ಲಿ ಇಣುಕಿ ನೋಡುತ್ತಾರೆ, ನೋಡಲಿ. ಲಗೋರಿ ಆದರೆ ಐದೈದು ಮಕ್ಕಳ ಗುಂಪು. ಹಂಚಿನ ತುಂಡಿಗೆ ನಮ್ಮ ಊರಲ್ಲಿ ಬರ ಇಲ್ಲ, ಮೂಲೆ ಉಜ್ಜಿ ನುಣುಪು ಮಾಡಿದರೆ ಎಂಟು ಗುಂಪಿಗೂ ಸಾಕು. ಹೀಗೆ ಮಾಡಿದರೆ ಕಾಯುವವರು ಯಾರೂ ಇಲ್ಲ.

ಎಸೆಯುವುದನ್ನು ಕಲಿಸಬೇಕು. ಅದು ತಾನಾಗಿ ಬರುವುದಿಲ್ಲ. "ಹುಡುಗಿ ತರ ಎಸೀತಾಳೆ" ಅಂತ ನಗುವವರು ಒಮ್ಮೆ ಕಾಲು ನೋಡಲಿ. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬರಬೇಕು. ಕಲಿಸದ ಹುಡುಗರೂ ಬಲಗಾಲೇ ಮುಂದಿಟ್ಟು ಎಸೆಯುತ್ತಾರೆ, ಚೆಂಡು ಮೂಗಿನ ಮುಂದೆಯೇ ಬೀಳುತ್ತದೆ. ಮಗುವಿನ ಎಡಗಾಲಿನ ಎದುರು ಒಂದು ಚಪ್ಪಲಿ ಇಟ್ಟು "ಅದನ್ನು ಮೆಟ್ಟಿ ಬಿಸಾಡು" ಅನ್ನಿ. ಬೇರೆ ಭಾಷಣ ಬೇಡ. ಹಿಡಿಯುವುದಕ್ಕೆ ಮೊದಲು ಬಲೂನು, ಅದು ನಿಧಾನ ಇಳಿಯುತ್ತದೆ. ಮತ್ತೆ ಬಟ್ಟೆ ಚೆಂಡು ಅಥವಾ ತೆಂಗಿನ ಗರಿಯಲ್ಲಿ ಹೆಣೆದ ಚೆಂಡು. ರಬ್ಬರ್ ಚೆಂಡು ಕೊನೆಗೆ. ಇಷ್ಟಾದ ಮೇಲೂ ಚೆಂಡು ಹತ್ತಿರ ಬಂದ ಮೇಲೆಯೇ ಕೈ ಎತ್ತುತ್ತಾಳೆ ಅಂತಾದರೆ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದ ಮಗುವನ್ನು ಕ್ಲಾಸ್ ಟೀಚರ್‌ಗಿಂತ ಮೊದಲು ಹಿಡಿಯುವುದು ನಾವೇ.

ಆ 600 ಮೀಟರ್ ವಿಷಯ. ಖೇಲೋ ಇಂಡಿಯಾದ ಫಿಟ್ನೆಸ್ ಪರೀಕ್ಷೆ ಅಂತ ಮಾಡಿಸಿದ್ದಾದರೆ ಅದು ನಿಮ್ಮ ಮಗಳಿಗೆ ಇಲ್ಲವೇ ಇಲ್ಲ. 5ರಿಂದ 8 ವರ್ಷದವರಿಗೆ ಇರುವುದು ಮೂರೇ. ಎತ್ತರ ತೂಕ ನೋಡಿ ಬಿಎಂಐ, ಒಂಟಿ ಕಾಲಲ್ಲಿ ನಿಲ್ಲುವ ಫ್ಲೆಮಿಂಗೊ, ಮೇಜಿನ ಮೇಲೆ ಎರಡು ತಟ್ಟೆಗಳನ್ನು ಒಂದೇ ಕೈಯಲ್ಲಿ ಬೇಗ ಬೇಗ ಮುಟ್ಟುವುದು. 600 ಮೀಟರ್, 50 ಮೀಟರ್ ಓಟ ಎಲ್ಲ 9 ವರ್ಷದ ನಂತರ. ಇದನ್ನು ಶಾಲೆಯಲ್ಲಿ ಹೇಳಿ, ಜಗಳ ಬೇಡ.

ಈಗ ಮಳೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಹೆಚ್ಚಿನದೂ ಆ ನಾಲ್ಕು ತಿಂಗಳಲ್ಲೇ. ಮಳೆಗೆ ಪಿಟಿ ಇಲ್ಲ ಅಂದರೆ ಶಾಲೆಯ ಹತ್ತು ತಿಂಗಳಲ್ಲಿ ನಾಲ್ಕು ಹೋಯಿತು. ಮೈದಾನಕ್ಕೆ ನಾನೂ ಬಿಡುವುದಿಲ್ಲ, ಮುರಕಲ್ಲಿನ ಮೇಲೆ ಪಾಚಿ ಕಟ್ಟಿದರೆ ದೊಡ್ಡವರೇ ಜಾರಿ ಬೀಳುತ್ತಾರೆ. ಜಗಲಿ ಉಂಟಲ್ಲ? ಸೀಮೆಸುಣ್ಣದಲ್ಲಿ ಉದ್ದಕ್ಕೆ ಕುಂಟೆಬಿಲ್ಲೆ ಮನೆ ಬರೆಯುತ್ತೇನೆ. ಕುಂಟಿ ಕುಂಟಿ ಬಂದ ಮಗುವಿಗೆ ಫ್ಲೆಮಿಂಗೊ ಲೆಕ್ಕವೇ ಅಲ್ಲ. ತೆಂಗಿನ ಗೆರಟೆಗೆ ತೂತು ಮಾಡಿ ಹಗ್ಗ ಪೋಣಿಸಿ ಅದರ ಮೇಲೆ ನಡೆಸುವುದು. ಅಡಿಕೆ ಹಾಳೆಯಲ್ಲಿ ಒಬ್ಬರು ಕೂತು ಇನ್ನೊಬ್ಬರು ಎಳೆಯುವುದು, ಆಮೇಲೆ ಅದಲು ಬದಲು. ಕೈ, ಸೊಂಟ, ಕಾಲು ಎಲ್ಲಕ್ಕೂ ಕೆಲಸ. ಜಗಲಿಗೆ ಇರಿಚಲು ಹೊಡೆದು ನೆಲ ಒದ್ದೆ ಇದ್ದರೆ ಇದೆಲ್ಲ ಬಂದ್. ಆಗ ಕ್ಲಾಸಿನ ಒಳಗೇ ಬೆಂಚಿನ ಹತ್ತಿರ ನಿಂತು ಗೋಡೆ ತಳ್ಳುವುದು, ಬಲೂನು ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು.

ಸುರತ್ಕಲ್‌ನವರೇ, ಸ್ಪರ್ಧೆ ಬೇಡ ಅಂತ ನಾನು ಹೇಳುವುದಿಲ್ಲ. ಪ್ರತಿ ವರ್ಷ ವಲಯಕ್ಕೆ, ತಾಲೂಕಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವನೇ ನಾನು. ಆ ತಂಡಕ್ಕೆ ಅಭ್ಯಾಸ ನಾಲ್ಕು ಗಂಟೆಯ ನಂತರ. ಮೂರನೇ ಕ್ಲಾಸಿನ ಪೀರಿಯಡ್ ಕಿತ್ತು ಅಲ್ಲ. ನೀವು ಹೆಸರು ಹೇಳಿದಿರಿ, ನಾನೂ ಒಂದು ಹೇಳುತ್ತೇನೆ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ವೇಟ್‌ಲಿಫ್ಟಿಂಗ್ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ತಂದರು, 2022ರಲ್ಲಿ 61 ಕೆ.ಜಿ.ಯಲ್ಲಿ ಕಂಚು. ಅವರು ಮೊದಲು ಕುಸ್ತಿಯವರು. ಭಾರ ಎತ್ತಲು ಶುರು ಮಾಡಿದ್ದೇ ಕಾಲೇಜಿಗೆ ಬಂದ ಮೇಲೆ. ಎಂಟನೇ ವಯಸ್ಸಿಗೇ ಯಾರು ಆಟದವರು, ಯಾರು ಕಟ್ಟೆಯವರು ಅಂತ ಬರೆದುಬಿಡಲು ನಾವು ಯಾರು?

ಮಣಿಪಾಲ ಸಿಸ್ಟರ್

ಒಂದು ಸಣ್ಣ ವಿಷಯ. ಓಡಿ ನಿಂತ ಐದು ಹತ್ತು ನಿಮಿಷದಲ್ಲಿ ಮಗುವಿಗೆ ಕೆಮ್ಮು ಬರುತ್ತದಾ, ಎದೆಯಲ್ಲಿ ಸುಂಯ್ ಅನ್ನುತ್ತದಾ ನೋಡಿ. ರಾತ್ರಿ ಕೆಮ್ಮು ಉಂಟಾ? ಇದ್ದರೆ ಅಸ್ತಮಾ ಆಗಿರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ. ನಮ್ಮ ಊರಿನ ತೇವ, ಗೋಡೆಯ ಬೂಸ್ಟು ಇದಕ್ಕೆ ಒಳ್ಳೆಯದಲ್ಲ. ಇದ್ದರೂ ಆಟ ಬಿಡಿಸುವುದು ಬೇಡ. ಸರಿಯಾಗಿ ಔಷಧಿ ತೆಗೆದುಕೊಂಡರೆ ಹೆಚ್ಚಿನ ಮಕ್ಕಳು ಎಲ್ಲರ ಹಾಗೆ ಆಡುತ್ತಾರೆ. ಇನ್ಹೇಲರ್ ಬ್ಯಾಗಿನಲ್ಲಿದೆ ಅಂತ ಪಿಟಿ ಸರ್‌ಗೆ ಗೊತ್ತಿರಬೇಕು, ಅಷ್ಟೇ.

ಕಾಪು ಟೀಚರ್

ಮಾಸ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ನಮ್ಮಂಥ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಿಟಿ ಮಾಸ್ಟ್ರೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಓದಿ ನೋಡಿ. ಆಟದ ಮೈದಾನ ಎಲ್ಲ ಶಾಲೆಗೂ ಬೇಕು ಅನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಅನ್ನುವಾಗ ಆರರಿಂದ ಎಂಟನೇ ಕ್ಲಾಸು, ಅದೂ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಒಂದರಿಂದ ಐದಕ್ಕೆ ನಾವೇ ಕನ್ನಡ, ನಾವೇ ಗಣಿತ, ನಾವೇ ಪಿಟಿ. ಮಳೆಗೆ ಡಿಸಿ ರಜೆ ಕೊಟ್ಟ ದಿನಗಳ ಪಾಠ ಹಿಂದೆ ಬಿದ್ದಿರುತ್ತದೆ. ಆಗ ಮೊದಲು ಕೈ ಹೋಗುವುದು ಪಿಟಿ ಪೀರಿಯಡ್‌ಗೇ. ಪೋಷಕರೂ ಕೇಳುವುದು "ಗಣಿತ ಎಷ್ಟು ಮುಗಿಯಿತು" ಅಂತ. ಆಟ ಎಷ್ಟು ಆಯಿತು ಅಂತ ಕೇಳಿದವರನ್ನು ನಾನು ಇವತ್ತೇ ನೋಡಿದ್ದು.

ಸೀರೆ ಉಟ್ಟುಕೊಂಡು ನಾವು ಎಂತ ಆಡಿಸುವುದು, ಅದೂ ಹೇಳಿ.

ಬ್ರಹ್ಮಾವರ ಪಿಟಿ ಮಾಸ್ಟ್ರು

ಟೀಚರೇ, ನೀವು ಓಡಬೇಕಾಗಿಲ್ಲ. ಕುಂಟೆಬಿಲ್ಲೆ, ಹಗ್ಗ, ಲಗೋರಿ, ಬಲೂನು, ನಾಲ್ಕು ಮೂಲೆಗೆ ನಾಲ್ಕು. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ, ಗುಂಪು ಮೂಲೆ ಬದಲಿಸಲಿ. ನೀವು ನಡುವೆ ನಿಂತರೆ ಆಯಿತು. ಕುಂಟೆಬಿಲ್ಲೆ ಮನೆಯಲ್ಲಿ ಅಂಕಿ ಬರೆದು ಎರಡರ ಮಗ್ಗಿ ಹೇಳಿಸುತ್ತಾ ಹಾರಿಸಿ. ಗಣಿತವೂ ಮುಗಿಯಿತು, ಪೋಷಕರ ಬಾಯಿಯೂ ಮುಚ್ಚಿತು.

ಕುಂಜಿಬೆಟ್ಟು ಅಮ್ಮ

ತುಂಬ ಉಪಕಾರ ಮಾಸ್ಟ್ರೇ, ಸಿಸ್ಟರ್. ರಾತ್ರಿ ಕೆಮ್ಮು ಇಲ್ಲ. ಕಣ್ಣು ಈ ಶನಿವಾರ ತೋರಿಸುತ್ತೇನೆ, ನನಗೂ ಅವರಿಗೂ ಕನ್ನಡಕ ಉಂಟು. ಚೀಟಿ ವಿಷಯ ಮನೆಯಲ್ಲಿ ಕ್ಯಾನ್ಸಲ್. ಅತ್ತೆಗೆ ಲಗೋರಿ ಅಂತ ಓದಿ ಹೇಳಿದಾಗ, ಅವರು ಸಣ್ಣವರಿರುವಾಗ ಊರಿನ ಹುಡುಗರನ್ನೆಲ್ಲ ಸೋಲಿಸುತ್ತಿದ್ದರಂತೆ, ಈಗ ಹೇಳುತ್ತಿದ್ದಾರೆ!

ಎರಡೇ ಪ್ರಶ್ನೆ. ಪಿಟಿ ಸರ್ ಹತ್ತಿರ ಹೇಗೆ ಶುರು ಮಾಡುವುದು? ಅವರಿಗೆ ಕಲಿಸಲು ಬಂದಳು ಅಂತ ಆಗಬಾರದು. ಮತ್ತೆ ಸಂಜೆ ಎಲ್ಲಿ ಆಡಿಸುವುದು, ನಮ್ಮದು ಫ್ಲ್ಯಾಟು.

ಬ್ರಹ್ಮಾವರ ಪಿಟಿ ಮಾಸ್ಟ್ರು

ಪೋಷಕರ ಸಭೆಯಲ್ಲಿ ಎಲ್ಲರ ಎದುರು ಹೇಳಬೇಡಿ, ಯಾವ ಮಾಸ್ಟ್ರಿಗೂ ಹಿಡಿಸುವುದಿಲ್ಲ. ಪೀರಿಯಡ್ ಇಲ್ಲದ ಹೊತ್ತು ಹೋಗಿ. "ಮಗಳು ಬೇಗ ಔಟ್ ಆಗಿ ಕೂರುತ್ತಾಳೆ ಸರ್, ವಾಪಸ್ ಆಟಕ್ಕೆ ಸೇರಿಸಿಕೊಳ್ಳಲು ಆಗುತ್ತದಾ?" ಇಷ್ಟೇ ಕೇಳಿ. ಒಂದು ಬದಲಾವಣೆಗೆ ಯಾರೂ ಇಲ್ಲ ಅನ್ನುವುದಿಲ್ಲ. ಅದಾದ ಮೇಲೆ 600 ಮೀಟರ್ ವಿಷಯ. ಮಳೆಗಾಲದ್ದು ಹೆಡ್‌ಮಾಸ್ಟ್ರ ಹತ್ತಿರ, ಅದೂ ಇನ್ನೂ ನಾಲ್ಕು ಪೋಷಕರನ್ನು ಕರೆದುಕೊಂಡು, ಮೇ ತಿಂಗಳಲ್ಲಿ. ಟೈಮ್‌ಟೇಬಲ್ ಆಗುವ ಮೊದಲೇ ಹೇಳಬೇಕು.

ಸಂಜೆಗೆ ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ವಾಹನ ಬಾರದ ಒಂದು ಮೂಲೆ ನೋಡಿ, ಒಂದು ಹಗ್ಗ, ಒಂದು ಸೀಮೆಸುಣ್ಣ ಸಾಕು. ಪಕ್ಕದ ಮನೆಯ ಒಂದೆರಡು ಮಕ್ಕಳನ್ನು ಕರೆಯಿರಿ, ಒಬ್ಬಳೇ ಆದರೆ ಎರಡು ದಿನಕ್ಕೆ ಬೇಸರ ಬರುತ್ತದೆ. ಭಾನುವಾರ ಮಲ್ಪೆ. ಇಳಿತ ಇರುವಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ಬರಿಗಾಲಲ್ಲಿ ಓಡಲಿ, ಬಿದ್ದರೂ ನೋವಾಗುವುದಿಲ್ಲ. ನೀರಿಗೆ ಮಾತ್ರ ಬಿಡಬೇಡಿ. ಲಗೋರಿಗೆ ಅತ್ತೆಯವರನ್ನೇ ಕೋಚ್ ಮಾಡಿ.