‘ಹಿಸ್ಟಮಿನ್ ನಾಶಕ’ ಸರಿಯಾ? ನಾಳೆಯೇ ಬೇಕು

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಗೋಡೆಗೆ ಆರೋಗ್ಯದ ಫಲಕ ಬರೆಸುತ್ತಿದ್ದೇವೆ. ಹೊಟ್ಟಿನ ಧೂಳಿಗೆ ಸೀನು, ಕಣ್ಣುರಿ, ಮೈಮೇಲೆ ಗಂಧೆ ಏಳುವವರು ಜಾಸ್ತಿ. ಸೆಟ್ರಿಜಿನ್, ಅವಿಲ್ ಥರದ ಗುಳಿಗೆಗಳಿಗೆ (ಇಂಗ್ಲಿಷಿನ ಆಂಟಿಹಿಸ್ಟಮಿನ್) ಕರಡಿನಲ್ಲಿ ‘ಹಿಸ್ಟಮಿನ್ ನಾಶಕ’ ಅಂತಿದೆ. ಇರಲಾ? ಪೇಂಟರ್ ನಾಳೆ ಬರುತ್ತಾನೆ.

ಉತ್ತರ:
ನಾಶಕ ಬೇಡವೇ ಬೇಡ. ಹಿಸ್ಟಮಿನ್ ಅಂದರೆ ನವೆ, ಸೀನು ತರಿಸುವ, ಮೈಯಲ್ಲೇ ಇರುವ ರಾಸಾಯನಿಕ. ಈ ಗುಳಿಗೆ ಅದನ್ನು ಮುಟ್ಟುವುದೇ ಇಲ್ಲ. ಒಗ್ಗದ್ದು ಮೈಗೆ ಸೇರಿದರೆ ಮಾಸ್ಟ್ ಎಂಬ ರಕ್ಷಣಾ ಕೋಶಗಳು ಕೂಡಿಟ್ಟ ಹಿಸ್ಟಮಿನ್ನನ್ನು ಹೊರಗೆ ಚೆಲ್ಲುತ್ತವೆ. ಅದು ಎಚ್1 ಗ್ರಾಹಕಗಳ (ಬೇರೆ ಕೋಶಗಳ ಮೇಲೆ ಅದಕ್ಕೆಂದೇ ಇರುವ ಜಾಗಗಳ) ಮೇಲೆ ಹೋಗಿ ಕೂತರೆ ಸಣ್ಣ ರಕ್ತನಾಳ ಹಿಗ್ಗಿ ನೀರು ಜಿನುಗುತ್ತದೆ, ಚರ್ಮ ಉಬ್ಬುತ್ತದೆ. ನರ ಕೆರಳಿ ನವೆ, ಸೀನು. ಗುಳಿಗೆ ಆ ಜಾಗ ಹಿಡಿಯುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಹಿಸ್ಟಮಿನ್ ಅಲ್ಲೇ ನಿಂತಿರುತ್ತದೆ, ಕೂರಲು ಜಾಗವಿಲ್ಲ. ಅದಕ್ಕೇ ಧೂಳಿಗೆ ಇಳಿಯುವ ಮೊದಲೇ ನುಂಗಿದರೆ ಹೆಚ್ಚು ಉಪಯೋಗ. ‘ಹಿಸ್ಟಮಿನ್ ತಡೆ ಗುಳಿಗೆ’ ಬರೆಸಿ.

ಉತ್ತರ:
ಗ್ರೀಕ್ ಬೇರಿನ ಪದಕ್ಕೆ ‘ತಡೆ’ ಅಂಟಿಸಿದರೆ ಕನ್ನಡವಾಯಿತೇ? ಗುಳಿಗೆಯೂ ಸಂಸ್ಕೃತದ ಗುಲಿಕಾ. ‘ಒಗ್ಗದಿಕೆ ಮದ್ದು’ ಅನ್ನಿ, ಒಗ್ಗದಿಕೆ ಅಂದರೆ ಅಲರ್ಜಿ. ಮದ್ದು ಅಪ್ಪಟ ದ್ರಾವಿಡ. ತೆಲುಗಿನ ಮಂದು, ತಮಿಳಿನ ಮರುಂದು ನೋಡಿ.

ಉತ್ತರ:
ನಮ್ಮ ಕಡೆ ‘ಮದ್ದು ಹಾಕಿದಾರ’ ಅಂದರೆ ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ಗಿರಣಿ ಗೋಡೆಗೆ ಅದೊಂದು ಬೇಕಿತ್ತು! ಹಮಾಲರಿಗೆ ‘ಅಲರ್ಜಿ ಗುಳಿಗೆ’ ಅಂದರೆ ಸಾಕು. ಅಲರ್ಜಿ ಈಗ ಕನ್ನಡವೇ. ಬಸ್ಸು, ಪೇಂಟರ್ ಪದಗಳನ್ನು ಒಳಗೆ ಬಿಟ್ಟುಕೊಂಡ ಮೇಲೆ ಇದಕ್ಕೆ ಮಾತ್ರ ಯಾಕೆ ಗಡಿ ಕಾಯುತ್ತೀರಿ? ಪದಕ್ಕಿಂತ ಮುಖ್ಯವಾದ ಎರಡು ಸಾಲು ಕೆಳಗೆ ಬರೆಸಿ. ಅವಿಲ್‌ನಂಥ ಹಳೆಯವು ಮಿದುಳಿಗೂ ಹೊಕ್ಕು ನಿದ್ದೆ ತರುತ್ತವೆ, ನುಂಗಿ ಯಂತ್ರದ ಹತ್ತಿರ ನಿಲ್ಲಬಾರದು. ನಾಲಿಗೆ ಊದಿ ಉಸಿರು ಕಟ್ಟಿದರೆ ಗುಳಿಗೆ ನಂಬಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು.

ಉತ್ತರ:
ಚುಚ್ಚುಮದ್ದಿನಲ್ಲಿ ಮದ್ದಿಗೆ ಹೆದರದವರು ಗೋಡೆ ಮೇಲೆ ಯಾಕೆ ಹೆದರುತ್ತಾರೋ!

ಕೇಳಿದವರು:
‘ಅಲರ್ಜಿ ಗುಳಿಗೆ’ ಅಂತಲೇ ಕೊಟ್ಟೆ, ಕೆಳಗಿನ ಎರಡು ಸಾಲೂ ಸೇರಿಸಿ. ಒಗ್ಗದಿಕೆಯ ಜಗಳ ನೀವು ಮುಂದುವರಿಸಿ.