ಅಟ್ಟದಿಂದ ಇಳಿದ 214 ಡಿಸ್ಕ್: ಇಟ್ಟುಕೊಳ್ಳಲಾ, ಓಟಿಟಿಯೇ ಸಾಕಾ?

ನಿಟ್ಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯವಳು. ಈ ಬೇಸಿಗೆಯಲ್ಲಿ ಹಂಚು ಸರಿಮಾಡಿಸಬೇಕು ಎಂದು ಅಟ್ಟ ಖಾಲಿ ಮಾಡಿದೆವು. ತಗಡಿನ ಟ್ರಂಕಿನಲ್ಲಿ ಅಪ್ಪಯ್ಯನ ಸಿನಿಮಾ ಡಿಸ್ಕ್‌ಗಳು ಸಿಕ್ಕವು. ಎಣಿಸಿದೆ, 214 ಇವೆ. ವಿಸಿಡಿಯೇ ಜಾಸ್ತಿ. ಡಿವಿಡಿ ಅರವತ್ತರ ಸುಮಾರು. ಜೊತೆಗೆ ಸ್ಟುಡಿಯೋದವರು ಕೊಟ್ಟ ನನ್ನ ಮದುವೆಯ ಮೂರು ಡಿಸ್ಕ್.

ಅಪ್ಪಯ್ಯ ತೀರಿಕೊಂಡು ಆರು ವರ್ಷ ಆಯಿತು. ಅಡಿಕೆ ಮಂಡಿಗೆ ಅಂತ ಶಿವಮೊಗ್ಗಕ್ಕೆ ಹೋದಾಗೆಲ್ಲ ಗಾಂಧಿ ಬಜಾರಿಗೆ ಹೋಗಿ ಒಂದೋ ಎರಡೋ ತರುತ್ತಿದ್ದರು. ಮೋಸರ್ ಬೇರ್ ಕಂಪನಿಯ ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಸಿಗುತ್ತಿದ್ದ ಕಾಲದಲ್ಲಿ ನಾಲ್ಕೈದು ಒಟ್ಟಿಗೇ ಬರುತ್ತಿದ್ದವು. ಪ್ರತಿ ಕವರಿನ ಹಿಂದೆ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಯಾವತ್ತು ನೋಡಿದ್ದು, ಜಗಲಿಯಲ್ಲಿ ಯಾರ್ಯಾರು ಕೂತಿದ್ದರು, ಮಳೆ ಹೇಗಿತ್ತು. ಒಂದರ ಮೇಲೆ ಹೀಗಿದೆ: "ಆರಿದ್ರಾ, ಎರಡನೇ ಪಾದ. ಕರೆಂಟು ಎರಡು ಸಲ ಹೋಯಿತು. ಪೂರ್ತಿ ನೋಡಿದೆವು."

"ಅಕ್ಕಾ, ಗುಜರಿಗೆ ಹಾಕು, ಎಲ್ಲಾ ಮೊಬೈಲಲ್ಲೇ ಸಿಗ್ತದೆ" ಅಂತಾನೆ ತಮ್ಮ. ನಾನು ಒಪ್ಪಲಿಲ್ಲ. ಟ್ರಂಕಿನಿಂದ 40 ಹಳೆಯ ಕನ್ನಡ ಸಿನಿಮಾ ಆರಿಸಿ, ಮೂರು ರಾತ್ರಿ ಕೂತು ಹುಡುಕಿದೆ. ನಾವು ದುಡ್ಡು ಕಟ್ಟುವ ಎರಡು ಓಟಿಟಿಯಲ್ಲಿ ಸಿಕ್ಕಿದ್ದು 9. ಯೂಟ್ಯೂಬಿನಲ್ಲಿ 18. ಅದರಲ್ಲೂ ಕೆಲವಕ್ಕೆ ಹಾಡು ಕತ್ತರಿಸಿದ್ದಾರೆ. ಕೆಲವಕ್ಕೆ ಮೂಲೆಯಲ್ಲಿ ದೊಡ್ಡ ಲೋಗೋ. ಉಳಿದ 13 ನನಗೆ ಎಲ್ಲೂ ಸಿಗಲಿಲ್ಲ.

ಇನ್ನೊಂದು ವಿಷಯ. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಅಂತ ಒಂದು ಸಿನಿಮಾವನ್ನು ಆನ್‌ಲೈನಿನಲ್ಲಿ ಕೊಂಡಿದ್ದೆ. ಬಾಡಿಗೆ ಅಲ್ಲ, ಖರೀದಿ. ಹೋದ ವರ್ಷ ನೋಡಿದರೆ ಪಟ್ಟಿಯಲ್ಲಿ ಹೆಸರಿದೆ, ಒತ್ತಿದರೆ ಓಡುವುದಿಲ್ಲ. ಬರೆದು ಕೇಳಿದೆ. ನಿಮ್ಮ ಪ್ರದೇಶದಲ್ಲಿ ಈಗ ಲಭ್ಯವಿಲ್ಲ ಎಂದರು. ನನಗೆ ಈಗಲೂ ಅದು ಬೇಸರ. ಡಿಸ್ಕ್ ಮಾರಿದ ಅಂಗಡಿಯವನು ಮನೆಗೆ ಬಂದು ಕಪಾಟು ತೆಗೆದು ವಾಪಸ್ ತಗೊಂಡು ಹೋಗುತ್ತಾನಾ?

ಹೋದ ಮಳೆಗಾಲ, ಪುನರ್ವಸುವಿನಲ್ಲಿ ಮರ ಬಿದ್ದು ಲೈನ್ ಹರಿಯಿತು. ಕರೆಂಟು ಮೂರನೇ ದಿನ ಬಂತು. ಫೈಬರ್ ಬರಲು ಹನ್ನೊಂದು ದಿನ ಬೇಕಾಯಿತು. ನಡುವಿನ ಎಂಟು ದಿನ ಅಮ್ಮ ಟಿವಿ ಮುಂದೆ ಸುಮ್ನೆ ಕೂತಿರುತ್ತಿದ್ದರು. ತಲೆಯ ಮೇಲೆ ಅಟ್ಟದಲ್ಲೇ ಆ ಟ್ರಂಕು ಇತ್ತು. ನನಗೆ ನೆನಪಾಗಲೇ ಇಲ್ಲ.

ಈಗ ಕೇಳಬೇಕಾದ್ದು ಇಷ್ಟು. ಮೂವತ್ತರಷ್ಟು ಡಿಸ್ಕ್‌ಗಳಿಗೆ ಬೂಷ್ಟು ಹಿಡಿದಿದೆ. ತೊಳೆಯಬಹುದಾ? ನಮ್ಮ ಮಳೆಯಲ್ಲಿ ಇವನ್ನು ಹೇಗೆ ಇಡಬೇಕು? ಪ್ಲೇಯರ್ ಕೆಟ್ಟಿದೆ, ಎಂಥದ್ದು ಕೊಳ್ಳಲಿ?

ಹಳೇ ಸಿಡಿ ಅಂಗಡಿ, ಸಾಗರ

ಗುಜರಿಗೆ ಹಾಕಬೇಡಿ ತಂಗೀ. ಹನ್ನೊಂದು ವರ್ಷ ಸಾಗರದಲ್ಲಿ ಬಾಡಿಗೆ ಸಿಡಿ ಅಂಗಡಿ ನಡೆಸಿದವನು ನಾನು. ಎಷ್ಟು ಡಿಸ್ಕ್ ತೊಳೆದಿದ್ದೇನೋ ಲೆಕ್ಕವಿಲ್ಲ.

ಮೊದಲು ಮದುವೆಯ ಡಿಸ್ಕ್ ಹಿಡಿಯಿರಿ. ಇವತ್ತೇ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚು ಒತ್ತಿದ್ದು. ಸ್ಟುಡಿಯೋದವರು ಕೊಟ್ಟದ್ದು ಒಂದು ಥರದ ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟು ಬರೆದದ್ದು. ಆ ಬಣ್ಣ ಬೇಗ ಕೆಡುತ್ತದೆ. ಸಿನಿಮಾ ಇನ್ನೆಲ್ಲಾದರೂ ಸಿಕ್ಕೀತು, ನಿಮ್ಮ ಮದುವೆ ಎಲ್ಲಿ ಸಿಗುತ್ತದೆ? ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ತಂದು ಲ್ಯಾಪ್‌ಟಾಪಿಗೆ ಹಾಕಿ, ಒಳಗಿನ ಫೋಲ್ಡರ್ ಪೂರ್ತಿ ಎರಡು ಕಡೆ ಕಾಪಿ ಮಾಡಿ.

ತೊಳೆಯುವುದು ಸುಲಭ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಹತ್ತಿ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬೇಡಿ. ಡಿಸ್ಕಿನಲ್ಲಿ ಮಾಹಿತಿ ಸುರುಳಿಯಾಗಿ ಇರುತ್ತದೆ. ಅಡ್ಡ ಗೀರು ಬಿದ್ದರೆ ಪ್ಲೇಯರ್ ಹೇಗೋ ದಾಟಿಕೊಳ್ಳುತ್ತದೆ. ಸುರುಳಿಯ ಗುಂಟವೇ ಗೀರು ಬಿದ್ದರೆ ಅಲ್ಲೇ ನಿಲ್ಲುತ್ತದೆ. ಥಿನ್ನರ್, ಸೀಮೆಎಣ್ಣೆ ಹತ್ತಿರವೂ ತರಬೇಡಿ.

ಜನ ಹೊಳೆಯುವ ಮುಖವನ್ನೇ ಕಾಪಾಡುತ್ತಾರೆ. ವಿಸಿಡಿಯಲ್ಲಿ ಚಿತ್ರ ಅಚ್ಚಾಗಿರುವ ಮೇಲ್ಮುಖವೇ ಸೂಕ್ಷ್ಮ. ಮಾಹಿತಿ ಇರುವ ಪದರ ಅದರ ಕೆಳಗೇ ಇರುತ್ತದೆ, ಮೇಲೆ ತೆಳ್ಳನೆ ವಾರ್ನಿಶ್ ಅಷ್ಟೇ. ಡಿವಿಡಿಯಲ್ಲಿ ಹಾಗಲ್ಲ, 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಸೇರಿಕೊಂಡಿರುತ್ತದೆ. ನಿಮ್ಮ ಅಪ್ಪಯ್ಯ ಡಿಸ್ಕಿನ ಮೇಲೆ ಬರೆಯದೆ ಕವರಿನ ಮೇಲೆ ಬರೆದರಲ್ಲ, ಎಷ್ಟು ಒಳ್ಳೆಯದಾಯಿತು ನೋಡಿ. ಬಾಲ್‌ಪೆನ್ನು ಒತ್ತಿ ಬರೆದು ಹಾಳಾದ ವಿಸಿಡಿ ನಾನು ರಾಶಿ ನೋಡಿದ್ದೇನೆ.

ಅಟ್ಟ ಬೇಡವೇ ಬೇಡ. ಬೇಸಿಗೆಯಲ್ಲಿ ಹಂಚಿನ ಕಾವು, ಮಳೆಗಾಲದಲ್ಲಿ ಶೀತ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜಾತಿಯದ್ದಾದರೆ ತೇವ ಹೀರಿದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು.

ಪ್ಲೇಯರ್ ಕೊಳ್ಳುವಾಗ ಈಗಿನ ಟಿವಿಗೆ ಜೋಡಿಸುವ ಎಚ್‌ಡಿಎಂಐ ಕಿಂಡಿ ಇರಲಿ. ಬ್ಲೂರೇ ಪ್ಲೇಯರ್ ಡಿವಿಡಿ ಓಡಿಸುತ್ತದೆ, ಆದರೆ ಕೆಲವು ವಿಸಿಡಿ ಓಡಿಸುವುದಿಲ್ಲ. ಒಂದು ವಿಸಿಡಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಕೊಪ್ಪದವ, ಈಗ ಬೆಂಗಳೂರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ ಅಕ್ಕ, ಬೇಸರ ಮಾಡಿಕೊಳ್ಳಬೇಡಿ. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದ, ಅಷ್ಟೇ ಚುಕ್ಕೆ. ಈಗಿನ 43 ಇಂಚಿನ ಟಿವಿಯಲ್ಲಿ ಮುಖ ಕಲಸಿದ ಹಾಗೆ ಕಾಣುತ್ತದೆ. ಸಿನಿಮಾ ನಿಜವಾಗಿ ಉಳಿಯುವುದು ನೆಗೆಟಿವ್‌ನಲ್ಲಿ, ಅಂದರೆ ಕ್ಯಾಮೆರಾದಲ್ಲಿ ಚಿತ್ರ ಮೂಡಿದ ಮೂಲ ರೀಲಿನಲ್ಲಿ. ನಮ್ಮ ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿಯವರ 1977ರ ಘಟಶ್ರಾದ್ಧವನ್ನು ಮೂಲ ನೆಗೆಟಿವ್‌ನಿಂದ 4ಕೆ ಗುಣಮಟ್ಟದಲ್ಲಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಕೆಲಸ ಆದ ಸಿನಿಮಾ ಜನರಿಗೆ ತಲುಪಲು ಇವತ್ತು ಸ್ಟ್ರೀಮಿಂಗೇ ಹತ್ತಿರದ ದಾರಿ. ನೆಟ್‌ಫ್ಲಿಕ್ಸ್ ಶುರುವಾದದ್ದೇ ಅಂಚೆಯಲ್ಲಿ ಡಿವಿಡಿ ಕಳಿಸುವುದರಿಂದ. 1998ರಿಂದ ಕಳಿಸುತ್ತಿದ್ದರು, 2023ರ ಸೆಪ್ಟೆಂಬರಿನಲ್ಲಿ ಅದನ್ನೂ ನಿಲ್ಲಿಸಿದರು.

ಆದರೆ ನಿಮ್ಮ 'ಖರೀದಿ'ಯ ಬೇಸರ ನ್ಯಾಯವೇ. ನಾವು ಕೊಂಡದ್ದು ಸಿನಿಮಾ ಅಲ್ಲ, ನೋಡಲು ಅನುಮತಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂಬ ಕಾನೂನೇ ಬಂದಿದೆ. ಮಳೆಗಾಲಕ್ಕೆ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಅನ್ನೋಣ ಎಂದರೆ ಅದಕ್ಕೂ ಗಡುವು ಇರುತ್ತದೆ. ಕೆಲವು, ನೋಡಲು ಶುರು ಮಾಡಿದ 48 ಗಂಟೆಗೇ ಮುಗಿದುಹೋಗುತ್ತವೆ. ಹಾಗಾಗಿ ಸಿಗದ ಆ 13 ಮಾತ್ರ ಇಟ್ಟುಕೊಳ್ಳಿ, ಉಳಿದದ್ದು ಬಿಡಿ ಎಂದು ನನ್ನ ಸಲಹೆ.

ನಿಟ್ಟೂರಿನ ಮಗಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಮದುವೆಯ ಮೂರರಲ್ಲಿ ಎರಡು ಪೂರ್ತಿ ಕಾಪಿ ಆದವು. ಮೂರನೆಯದು ಅರ್ಧಕ್ಕೆ ನಿಂತಿತು. ಧಾರೆಯವರೆಗೆ ಸಿಕ್ಕಿದೆ. ಊಟದ ಪಂಕ್ತಿಯಲ್ಲಿ ಅಪ್ಪಯ್ಯ ಹೋಳಿಗೆ ಬಡಿಸುವುದು ಇತ್ತು, ಅದು ಹೋಯಿತು. ಮೂರು ವರ್ಷ ಮೊದಲೇ ಅಟ್ಟ ಹತ್ತಿದ್ದರೆ ಸಿಗುತ್ತಿತ್ತೇನೋ. ಯಾರ ಮನೆಯಲ್ಲಾದರೂ ಇಂಥ ಡಿಸ್ಕ್ ಇದ್ದರೆ ದಯವಿಟ್ಟು ಈ ವಾರವೇ ತೆಗೆದು ನೋಡಿ.

ಬೂಷ್ಟಿನ 30ನ್ನೂ ತೊಳೆದು, ಅಡುಗೆಮನೆ ಕಿಟಕಿಯ ಹತ್ತಿರ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿದೆ. ಅಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಆರಿತಾ ಇಲ್ಲವಾ ಹೇಳುತ್ತಿದ್ದರು. 22 ಓಡಿದವು. ವಿಸಿಡಿಯೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್ ಇದೆ, ಅದರಲ್ಲಿನ ಡ್ಯಾಟ್ ಫೈಲನ್ನು ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ನೇರ ನೋಡಬಹುದು ಎಂದು ಇಷ್ಟರಲ್ಲಿ ಕಲಿತೆ.

ಕೊಪ್ಪದ ತಮ್ಮನಿಗೆ: ನೀವು ಹೇಳಿದ್ದು ಸರಿ. ವಿಸಿಡಿ ಮಸುಕು. ಸೀರೆಯ ಅಂಚಿನ ಬಣ್ಣ ತಿಳಿಯುವುದಿಲ್ಲ. ಆದರೆ ಆ 13ರ ನೆಗೆಟಿವ್ ಎಲ್ಲಿದೆ, ಯಾರು ಸರಿಪಡಿಸುತ್ತಾರೆ? ಅಲ್ಲಿಯವರೆಗೆ ನನ್ನ ಕೈಯಲ್ಲಿರುವುದು ಈ ಮಸುಕೇ. ಉಳಿದದ್ದನ್ನೂ ನಾನು ಬಿಡುವುದಿಲ್ಲ. ಓಟಿಟಿಯಲ್ಲಿ ಸಿಕ್ಕ 9ರಲ್ಲಿ ಒಂದು ಹೋದ ವಾರ ಕಾಣೆಯಾಯಿತು. ಈಗ 8. ಓಟಿಟಿಯನ್ನೂ ಬಿಡುವುದಿಲ್ಲ, ಮಕ್ಕಳು ಹೊಸ ಸಿನಿಮಾ ಅದರಲ್ಲೇ ನೋಡುವುದು.

ಕವರುಗಳ ಹಿಂಬದಿಯನ್ನೆಲ್ಲ ಫೋಟೋ ತೆಗೆದಿದ್ದೇನೆ. ಶಾಯಿ ಕೆಲವು ಕಡೆ ಹರಡಿದೆ, ಆದರೂ ಓದಬಹುದು.

ಒಂದು ಸಹಾಯ ಬೇಕು. ವಿಸಿಡಿಯಲ್ಲಿ ಒಂದು ಸಿನಿಮಾಕ್ಕೆ ಎರಡು ಡಿಸ್ಕ್ ಇರುತ್ತದಲ್ಲ, ಒಂದಕ್ಕೆ 74 ನಿಮಿಷದಷ್ಟೇ ಹಿಡಿಯುತ್ತದೆ. ಆ 13ರಲ್ಲಿ ಅಮ್ಮನಿಗೆ ತುಂಬಾ ಇಷ್ಟದ್ದೊಂದರ ಮೊದಲ ಡಿಸ್ಕ್ ಚೆನ್ನಾಗಿದೆ. ಎರಡನೆಯದರ ಮೇಲ್ಪದರವೇ ಎದ್ದು ಬಂದಿದೆ. ಮೊನ್ನೆ ರಾತ್ರಿ ಅಮ್ಮ ಮೊದಲರ್ಧ ನೋಡಿ, ಉಳಿದದ್ದನ್ನು ಮೊಮ್ಮಕ್ಕಳಿಗೆ ಬಾಯಲ್ಲೇ ಹೇಳಿದರು. ಯಾರ ಹತ್ತಿರವಾದರೂ ಎರಡನೇ ಡಿಸ್ಕ್ ಇರಬಹುದಾ?

ಹಳೇ ಸಿಡಿ ಅಂಗಡಿ, ಸಾಗರ

ಹೆಸರು ಮತ್ತು ಕವರಿನ ಫೋಟೋ ಕಳಿಸಿ ತಂಗಿ. ಅಂಗಡಿ ಮುಚ್ಚಿದಾಗ ತಂದಿಟ್ಟ ಮೂರು ಪೆಟ್ಟಿಗೆ ಒಳಕೋಣೆಯಲ್ಲಿವೆ. ಜೋಡಿ ತಪ್ಪಿದ ಡಿಸ್ಕ್‌ಗಳನ್ನು ಬೇರೆಯೇ ಇಟ್ಟಿದ್ದೇನೆ, ಎಸೆದಿಲ್ಲ. ಭಾನುವಾರ ಕೂತು ಹುಡುಕುತ್ತೇನೆ.