ಪ್ರಶ್ನೋತ್ತರ: ಪುಕ್ಕಟೆ ಡೇಟಾಬೇಸ್ ತುಂಬಿತು, ಈಗ ದೊಡ್ಡದು ಕೊಳ್ಳಬೇಕಾ?

ಪ್ರಶ್ನೆ (ಸಕ್ಕರೆ ಕಾರ್ಖಾನೆ, ಮುಧೋಳ ಕಡೆಯಿಂದ)

ನಮಸ್ಕಾರ ಸರ್. ನಾನು ಒಂದು ಸಕ್ಕರೆ ಕಾರ್ಖಾನೆಯ ಇಡಿಪಿಯಲ್ಲಿ (ಕಂಪ್ಯೂಟರ್ ವಿಭಾಗ) ಇದ್ದೇನೆ. ಇಡಿಪಿ ಅಂದರೆ ದೊಡ್ಡ ವಿಭಾಗ ಏನಲ್ಲ, ನಾನು ಮತ್ತು ಇನ್ನೊಬ್ಬ ಹುಡುಗ. ಕಬ್ಬಿನ ತೂಕ, ರೈತರ ಬಿಲ್, ಕಟಾವು ಗ್ಯಾಂಗಿನ ಲೆಕ್ಕ, ಸ್ಟೋರ್ಸ್, ಎಲ್ಲಾ ಒಂದೇ ಸರ್ವರ್ ಮೇಲೆ. ಒಳಗಿರುವುದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ 2019, ಮೈಕ್ರೋಸಾಫ್ಟ್‌ನ ಪುಕ್ಕಟೆ ಡೇಟಾಬೇಸ್.

ಮೊನ್ನೆ ರಾತ್ರಿ ಎರಡು ಗಂಟೆಗೆ ವೇಬ್ರಿಡ್ಜ್ ಹುಡುಗ ಫೋನ್ ಮಾಡಿದ. ತೂಕ ಸೇವ್ ಆಗ್ತಿಲ್ಲ ಅಂದ. ಹೋಗಿ ನೋಡಿದರೆ 10240 ಎಂಬಿ ಮಿತಿ ಮೀರುತ್ತದೆ ಎಂಬ ಸಂದೇಶ. ಹೊರಗೆ ಟ್ರ್ಯಾಕ್ಟರ್ ಸಾಲು ಗೇಟ್ ದಾಟಿ ರಸ್ತೆಗೆ ಬಂದಿತ್ತು. ಎರಡು ತಾಸು ಕೈಯಲ್ಲೇ ಚೀಟಿ ಬರೆದೆವು. ಕೊನೆಗೆ ಒಂದು ಹಳೆಯ ಲಾಗ್ ಟೇಬಲ್ ಅಳಿಸಿ ಹೇಗೋ ನಡೆಸಿದ್ದೇನೆ.

ಸಾಫ್ಟ್‌ವೇರ್ ಮಾರಿದವರು, ಇನ್ನು ಒರಾಕಲ್ ಎಂಟರ್‌ಪ್ರೈಸ್ ಎಂಬ ದುಬಾರಿ ಡೇಟಾಬೇಸ್‌ಗೆ ಹೋಗಲೇಬೇಕು ಅಂತಾರೆ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಇದ್ದಾನೆ, ಅವನು ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕು ಮಾಮಾ, ದುಡ್ಡೇ ಬೇಡ ಅಂತಾನೆ. ಎಂಡಿ ಸಾಹೇಬರು ಸೋಮವಾರ ಉತ್ತರ ಕೇಳಿದ್ದಾರೆ. ಕಬ್ಬು ಬಂದ 14 ದಿನದೊಳಗೆ ಬಿಲ್ ಪಾವತಿ ಆಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಇದೆ, ತಡವಾದರೆ ಬಡ್ಡಿ. ಹಂಗಾಮಿನ ನಡುವೆ ಏನು ಮಾಡಲಿ?

ಉತ್ತರ (ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಬೆಳಗಾವಿ)

ಏನನ್ನೂ ಕೊಳ್ಳಬೇಡಿ, ಸೋಮವಾರದವರೆಗಂತೂ ಬೇಡ. ಮೊದಲು ಒಂದು ಕೆಲಸ ಮಾಡಿ. ಎಸ್‌ಕ್ಯೂಎಲ್ ಸರ್ವರ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ನಿಮ್ಮ ಡೇಟಾಬೇಸ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿಪೋರ್ಟ್ಸ್ ಒಳಗೆ ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್ ತೆಗೆಯಿರಿ. ಮೇಲಿನ ಐದು ಸಾಲು ಇಲ್ಲಿ ಹಾಕಿ. ಕಬ್ಬಿನ ತೂಕದ ಲೆಕ್ಕ 10 ಜಿಬಿ ತುಂಬಿಸಿತು ಅಂದರೆ ನನಗೆ ನಂಬಿಕೆ ಬರುತ್ತಿಲ್ಲ. ಒಂದು ತೂಕದ ಸಾಲು ಅರ್ಧ ಕೆಬಿ ಕೂಡ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಸರ್, ತೆಗೆದೆ. ವಾಹನ ಫೋಟೋ ಟೇಬಲ್ 7.1 ಜಿಬಿ! ಉಳಿದದ್ದೆಲ್ಲ ಸೇರಿ 2.6. ಹೋದ ಹಂಗಾಮಿನಿಂದ ವೇಬ್ರಿಡ್ಜ್ ಕ್ಯಾಮೆರಾ ಹಾಕಿದ್ದಾರೆ. ಭರ್ತಿ ತೂಕಕ್ಕೆ ಒಂದು, ಖಾಲಿ ತೂಕಕ್ಕೆ ಒಂದು ಫೋಟೋ.

ಉತ್ತರ

ಅಲ್ಲಿಗೆ ಕಳ್ಳ ಸಿಕ್ಕ. ದಿನಕ್ಕೆ 400 ಗಾಡಿ ಅಂತ ಹಿಡಿಯಿರಿ. ಎರಡು ಫೋಟೋ, ಒಂದೊಂದು 60 ಕೆಬಿ. ದಿನಕ್ಕೆ 48 ಎಂಬಿ, 130 ದಿನಕ್ಕೆ 6 ಜಿಬಿ ದಾಟುತ್ತದೆ. ಕಬ್ಬಿನ ಹೊರೆಯ ಫೋಟೋ ಇಡಲು ಒರಾಕಲ್ ಎಂಟರ್‌ಪ್ರೈಸ್ ಕೊಳ್ಳಿ ಅಂದರೆ, ಸೌದೆ ಇಡಲು ದೇವರ ಕೋಣೆ ಕಟ್ಟಿಸಿದ ಹಾಗೆ.

ಫೋಟೋಗಳನ್ನು ಒಂದು ಫೋಲ್ಡರ್‌ಗೆ ಬರೆಸಿ. ಟೇಬಲ್‌ನಲ್ಲಿ ಫೈಲಿನ ದಾರಿ ಮಾತ್ರ ಇರಲಿ. ಹಳೆಯವನ್ನೂ ಹೊರಗೆ ತೆಗೆದು, ಎಣಿಕೆ ಸರಿ ಇದೆಯಾ ನೋಡಿ, ಆಮೇಲೆ ಅಳಿಸಿ. ಎಲ್ಲವನ್ನೂ ಒಂದೇ ಏಟಿಗೆ ಅಳಿಸಬೇಡಿ, ಸಾವಿರ ಸಾವಿರದಂತೆ ಅಳಿಸಿ. ಇಲ್ಲದಿದ್ದರೆ ಲಾಗ್ ಫೈಲ್ (ಪ್ರತಿ ಬದಲಾವಣೆ ಬರೆದಿಡುವ ಕಡತ) ಉಬ್ಬಿ ಡಿಸ್ಕೇ ತುಂಬುತ್ತದೆ. ಲಾಗ್ ಆ 10 ಜಿಬಿ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಡಿಸ್ಕಿಗೆ ಅದೂ ಭಾರವೇ. ಅಳಿಸಿದ ಮೇಲೆ ಫೈಲ್ ಗಾತ್ರ ಇಳಿಯಲಿಲ್ಲ ಅಂತ ಗಾಬರಿ ಬೇಡ. ಒಳಗೆ ಖಾಲಿ ಆದ ಜಾಗದಲ್ಲೇ ಹೊಸ ತೂಕ ಕೂರುತ್ತದೆ.

ಇನ್ನೊಂದು ವಿಷಯ. ಎಕ್ಸ್‌ಪ್ರೆಸ್‌ನ ಮಿತಿ 2025ರ ಆವೃತ್ತಿಯಲ್ಲಿ 50 ಜಿಬಿ ಆಗಿದೆ. ಹಂಗಾಮು ಮುಗಿದ ಮೇಲೆ ಅದಕ್ಕೆ ಹೋಗಬಹುದು. ಆದರೆ ಹೊಸ ಆವೃತ್ತಿಯ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ, ಹೋದರೆ ಹೋದಹಾಗೇ. ಮೆಮೊರಿ ಮಿತಿಯೂ ಮರೆಯಬೇಡಿ. ಸರ್ವರ್‌ನಲ್ಲಿ 64 ಜಿಬಿ ರ‍್ಯಾಮ್ ಹಾಕಿದರೂ ಡೇಟಾ ಇಟ್ಟುಕೊಳ್ಳಲು ಎಕ್ಸ್‌ಪ್ರೆಸ್ ಬಳಸುವುದು 1410 ಎಂಬಿ ಮಾತ್ರ. ಬಿಲ್ ಓಡಿಸುವ ದಿನ ನಿಧಾನ ಆಗುತ್ತದೆ ಅಂದರೆ ಇದೂ ಒಂದು ಕಾರಣ ಇರಬಹುದು.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆಯ್ತು ಸರ್. ಆದರೆ ಎಂಡಿ ಸಾಹೇಬರು ಕೇಳೇ ಕೇಳುತ್ತಾರೆ. ದೊಡ್ಡವರೆಲ್ಲ ಒರಾಕಲ್ ಯಾಕೆ ಹಾಕುತ್ತಾರೆ? ಅದರಲ್ಲಿ ಅಂಥದ್ದು ಏನಿದೆ?

ಉತ್ತರ

ಇದೆ ರೀ, ಇಲ್ಲ ಅಂತಲ್ಲ. ಸುಮ್ನೆ ಬ್ರ್ಯಾಂಡ್ ನೋಡಿ ಯಾರೂ ಅಷ್ಟು ದುಡ್ಡು ಸುರಿಯುವುದಿಲ್ಲ. 1979ರಿಂದ ಮಾರುಕಟ್ಟೆಯಲ್ಲಿದೆ. ಎರಡು ಸರ್ವರ್ ಸೇರಿ ಒಂದೇ ಡೇಟಾಬೇಸ್ ನಡೆಸುತ್ತವೆ, ಒಂದು ಬಿದ್ದರೆ ಇನ್ನೊಂದು ಎಳೆಯುತ್ತದೆ. ಬೇರೆ ಊರಲ್ಲಿ ಸದಾ ಸಿದ್ಧ ಪ್ರತಿ ಇಡಬಹುದು. ಬ್ಯಾಂಕಿಗೆ, ಟೆಲಿಕಾಂಗೆ ಇದು ಬೇಕೇ ಬೇಕು.

ಆದರೆ ನಿಮಗೆ ನಿಜವಾಗಿ ಬೇಕಾದ ಗುಣ ಇವತ್ತು ಇವೆಲ್ಲದರಲ್ಲೂ ಇದೆ, ನಿಮ್ಮ ಪುಕ್ಕಟೆ ಎಕ್ಸ್‌ಪ್ರೆಸ್‌ನಲ್ಲೂ ಇದೆ. ಒಂದು ಉದಾಹರಣೆ ಹೇಳುತ್ತೇನೆ. ರೈತರ ಬಿಲ್ ಓಡುತ್ತಿದೆ. ಒಬ್ಬ ರೈತನ ಖಾತೆಗೆ ಕಬ್ಬಿನ ಹಣ ಜಮಾ ಆಯಿತು, ಸೊಸೈಟಿ ಸಾಲ ಮುರಿದುಕೊಳ್ಳುವ ಮುಂಚೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದೆ. ಎಕ್ಸೆಲ್ ಆಗಿದ್ದರೆ ಎಲ್ಲಿಗೆ ನಿಂತಿತು ಅಂತ ಬೆಳಗಿನವರೆಗೆ ಹುಡುಕಬೇಕಿತ್ತು. ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ಗೆ ಬರೆದಿರುತ್ತದೆ. ಮತ್ತೆ ಎದ್ದಾಗ ಆ ಲಾಗ್ ಓದುತ್ತದೆ. ಜಮಾ, ಖರ್ಚು ಎರಡೂ ಮುಗಿದ ರೈತರದು ಉಳಿಯುತ್ತದೆ. ಅರ್ಧಕ್ಕೆ ನಿಂತ ಆ ಒಬ್ಬನದು ಪೂರ್ತಿ ಹಿಂದಕ್ಕೆ ಹೋಗುತ್ತದೆ. ಸಾಫ್ಟ್‌ವೇರ್ ಬರೆದವರು ಎರಡನ್ನೂ ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎಂಬ ಕಟ್ಟು) ಒಳಗೆ ಇಟ್ಟಿರಬೇಕು ಅಷ್ಟೇ. ಇಟ್ಟಿದ್ದಾರಾ ಕೇಳಿ.

ಇನ್ನು ದುಡ್ಡು. ಒರಾಕಲ್ ಎಂಟರ್‌ಪ್ರೈಸ್‌ನ ಪಟ್ಟಿ ದರ ಒಂದು ಪ್ರೊಸೆಸರ್‌ಗೆ 47,500 ಡಾಲರ್. ಅವರ ಲೆಕ್ಕದಲ್ಲಿ ಇಂಟೆಲ್‌ನ ಎರಡು ಕೋರ್ ಅಂದರೆ ಒಂದು ಪ್ರೊಸೆಸರ್. 16 ಕೋರ್ ಸರ್ವರ್‌ಗೆ 8 ಆಯಿತು. 3,80,000 ಡಾಲರ್. ಅದರ ಮೇಲೆ ವರ್ಷಕ್ಕೆ ಶೇ. 22 ಸಪೋರ್ಟ್, ಅಂದರೆ 83,600. ರಿಯಾಯಿತಿ ಸಿಗುತ್ತದೆ, ಯಾರೂ ಪಟ್ಟಿ ದರ ಕೊಡುವುದಿಲ್ಲ. ಆದರೂ ಚೌಕಾಸಿ ಶುರುವಾಗುವುದು ಅಲ್ಲಿಂದ. ಸ್ಟ್ಯಾಂಡರ್ಡ್ ಎಡಿಷನ್ 2 ಎಂಬುದು ಎಷ್ಟೋ ಕಡಿಮೆಗೆ ಸಿಗುತ್ತದೆ. ನಿಮಗೆ ಮಾರಲು ಬಂದವರು ಅದರ ಹೆಸರೇ ಎತ್ತಿಲ್ಲ, ಗಮನಿಸಿದಿರಾ?

ನನಗೆ ಬೆಲೆಗಿಂತ ಜಾಸ್ತಿ ತಲೆನೋವು ಕೊಟ್ಟಿದ್ದು ಲೈಸೆನ್ಸ್‌ನ ಸಣ್ಣ ಅಕ್ಷರ. ಎಡಬ್ಲ್ಯೂಆರ್ ಅಂತ ಒಂದು ವರದಿ ಇದೆ. ಯಾವ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ನಿಧಾನ ಅಂತ ಅಚ್ಚುಕಟ್ಟಾಗಿ ತೋರಿಸುತ್ತದೆ. ಎಂಟರ್‌ಪ್ರೈಸ್ ಹಾಕಿದ ಕೂಡಲೇ ಅದು ತೆರೆದೇ ಇರುತ್ತದೆ. ಆದರೆ ಬಳಸಲು ಬೇರೆ ಲೈಸೆನ್ಸ್ ಬೇಕು. ಹೊಸ ಹುಡುಗ ಒಂದು ದಿನ ಕುತೂಹಲಕ್ಕೆ ಓಡಿಸಿದರೆ ಒಳಗೆ ದಾಖಲೆ ಆಗುತ್ತದೆ. ಆಡಿಟ್‌ಗೆ ಬಂದವರು ಅದನ್ನೇ ಮೊದಲು ನೋಡುತ್ತಾರೆ. ಬಾಗಿಲು ತೆರೆದಿಟ್ಟು, ಒಳಗೆ ಬಂದವರಿಗೆ ಬಿಲ್ ಕೊಡುವುದು ಅಂದರೆ ಇದೇ ಅಲ್ವಾ?

ಕಾಮೆಂಟ್ (ಇಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ)

ಸರ್, ಹಾಗಾದರೆ ಪೋಸ್ಟ್‌ಗ್ರೆಸ್ಸೇ ಬೆಸ್ಟ್ ಅಲ್ವಾ? ಫ್ರೀ, ಮತ್ತೆ ಎಲ್ಲಾ ಫೀಚರ್ ಇದೆ.

ಉತ್ತರ

ತಮ್ಮಾ, ನನಗೂ ಅದು ಇಷ್ಟ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದದ್ದು, ಈಗಲೂ ಗಟ್ಟಿ. ಹೊಸದಾಗಿ ಕಟ್ಟುವವರಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಆದರೆ ಫ್ರೀ ಅಂದರೆ ಲೈಸೆನ್ಸ್ ಫ್ರೀ. ನೋಡಿಕೊಳ್ಳುವವನ ಸಂಬಳ ಫ್ರೀ ಅಲ್ಲ. ಅದರಲ್ಲಿ ಒಂದು ಸಾಲು ಬದಲಿಸಿದರೆ ಹಳೆಯ ಸಾಲು ಕಸದ ಹಾಗೆ ಅಲ್ಲೇ ಇರುತ್ತದೆ. ಅದನ್ನು ಗುಡಿಸುವ ಕೆಲಸಕ್ಕೆ ವ್ಯಾಕ್ಯೂಮ್ ಅಂತಾರೆ. ತಾನಾಗಿಯೇ ನಡೆಯುತ್ತದೆ, ನಿಜ. ಆದರೆ ಬೆಳಿಗ್ಗೆ ತೆರೆದ ಟ್ರಾನ್ಸಾಕ್ಷನ್ ಒಂದನ್ನು ಯಾರಾದರೂ ಮುಚ್ಚದೆ ಊಟಕ್ಕೆ ಹೋದರೆ, ಆಮೇಲೆ ಬಿದ್ದ ಕಸ ಹಾಗೇ ಬೆಳೆಯುತ್ತದೆ.

ಇನ್ನು ಇವರ ಸಾಫ್ಟ್‌ವೇರ್ ಬರೆದಿರುವುದು ಎಸ್‌ಕ್ಯೂಎಲ್ ಸರ್ವರ್‌ಗೆ. ಬಿಲ್ಲಿನ ಲೆಕ್ಕವೆಲ್ಲ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂ) ಒಳಗೆ ಕೂತಿರುತ್ತದೆ. ಬೇರೆ ಯಾವುದಕ್ಕೆ ಹೋದರೂ ಅದನ್ನು ಮತ್ತೆ ಬರೆಯಬೇಕು. ಭಾಷೆ ಒಂದೇ ಅನ್ನಿಸಿದರೂ ಸ್ವಭಾವ ಬೇರೆ. ಒರಾಕಲ್‌ಗೆ ಖಾಲಿ ಪಠ್ಯ ಮತ್ತು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಎರಡೂ ಒಂದೇ. ಉಳಿದವಕ್ಕೆ ಬೇರೆ ಬೇರೆ. ಒಂದು ಕಡೆ ಇದನ್ನು ಮರೆತು ವರ್ಗಾವಣೆ ಮಾಡಿದ್ದೆವು. ತಂದೆಯ ಹೆಸರು ಖಾಲಿ ಇದ್ದವರೆಲ್ಲ ವರದಿಯಿಂದ ಮಾಯ! ಮೂರು ದಿನ ಹುಡುಕಿದೆವು.

ಕಾಮೆಂಟ್ (ಸೌಹಾರ್ದ ಸಹಕಾರಿ, ವಿಜಯಪುರ)

ನಮ್ಮದೂ ಒಂದು ಪ್ರಶ್ನೆ ಸರ್, ಇದಕ್ಕೆ ಸೇರಿದ್ದೇ. ಸದಸ್ಯರ ಹೆಸರು ಕನ್ನಡದಲ್ಲಿ ಟೈಪ್ ಮಾಡಿ ಸೇವ್ ಕೊಟ್ಟರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ದೊಡ್ಡ ಡೇಟಾಬೇಸ್ ಹಾಕಿದರೆ ಸರಿಹೋಗುತ್ತಾ?

ಉತ್ತರ

ಹೋಗುವುದಿಲ್ಲ ಮೇಡಂ. ದೊಡ್ಡದರಲ್ಲೂ ದೊಡ್ಡ ಪ್ರಶ್ನಾರ್ಥಕ ಚಿಹ್ನೆಯೇ ಬರುತ್ತದೆ. ನಿಮ್ಮದೂ ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಆ ಕಾಲಂನ ಬಗೆ ವಾರ್‌ಚಾರ್ ಇರುತ್ತದೆ, ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಮಾಡಿಸಿ. ಕ್ವೆರಿಯಲ್ಲಿ ಹೆಸರನ್ನು ನೇರವಾಗಿ ಬರೆದಿದ್ದರೆ ಅದರ ಮುಂದೆ ಇಂಗ್ಲಿಷಿನ ಎನ್ (N) ಅಕ್ಷರ ಹಾಕಿಸಬೇಕು. ಕಾಲಂ ಬದಲಿಸಿ ಇದನ್ನು ಬಿಟ್ಟರೆ ಮತ್ತೆ ಅದೇ ಕಥೆ. ಈಗಾಗಲೇ ಚಿಹ್ನೆ ಆಗಿಹೋದ ಹೆಸರು ವಾಪಸ್ ಬರುವುದಿಲ್ಲ, ಅರ್ಜಿ ನೋಡಿ ಮತ್ತೆ ಟೈಪ್ ಮಾಡಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಹೊಡೆದ ಹೆಸರುಗಳಿದ್ದರೆ ಅದು ಇನ್ನೊಂದು ಸಮಸ್ಯೆ. ಕಣ್ಣಿಗೆ ಕನ್ನಡ, ಡೇಟಾಬೇಸ್‌ಗೆ ಅದು ಇಂಗ್ಲಿಷ್ ಕೀಲಿಗಳ ಕಲಸುಮೇಲೋಗರ. ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಒರಾಕಲ್‌ಗೆ ಹೋಗುವ ಮಾತಿದ್ದರೆ ಇದನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿ ಕಾಲಂ ಉದ್ದ ಸಾಮಾನ್ಯವಾಗಿ ಬೈಟ್ ಲೆಕ್ಕ. ಯೂನಿಕೋಡ್ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. 'ಮಲ್ಲಿಕಾರ್ಜುನ' ಕಣ್ಣಿಗೆ 5 ಅಕ್ಷರ. ಒತ್ತು, ಗುಣಿತ ಎಲ್ಲ ಬಿಡಿಸಿದರೆ 12 ಸಂಕೇತ, ಅಂದರೆ 36 ಬೈಟ್. ಹೆಸರಿಗೆ 30 ಸಾಕು ಅಂತ ಇಟ್ಟವರ ಸಾಫ್ಟ್‌ವೇರ್‌ನಲ್ಲಿ ಮಲ್ಲಿಕಾರ್ಜುನ ಸದಸ್ಯನೇ ಆಗಲಾರ. ಉದ್ದವನ್ನು ಚಾರ್ (ಸಂಕೇತಗಳ) ಲೆಕ್ಕದಲ್ಲಿ ಕೊಡಿ ಅಂತ ಮೊದಲೇ ಹೇಳಬೇಕು.

ಪ್ರಶ್ನೆ ಕೇಳಿದವರು

ಸರ್, ಕೊನೆಯದಾಗಿ ಬ್ಯಾಕಪ್ ಬಗ್ಗೆ. ದಿನಾ ರಾತ್ರಿ ತಾನಾಗಿಯೇ ತೆಗೆಯುತ್ತದೆ ಅಂತ ಹೇಳಿದ್ದರು.

ಉತ್ತರ

ಯಾರು ತೆಗೆಯುತ್ತಾರೆ? ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಇಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಆ ಭಾಗವನ್ನು ಪುಕ್ಕಟೆ ಆವೃತ್ತಿಯಿಂದ ತೆಗೆದಿದ್ದಾರೆ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿರಬೇಕು. ಹಾಕಿದ್ದಾರಾ ನೋಡಿ. ಫೈಲಿನ ತಾರೀಖು ನೋಡಿ. ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ, ನಿನ್ನೆಯ ಕೊನೆಯ ತೂಕದ ಚೀಟಿ ಸಿಗುತ್ತದಾ ಹುಡುಕಿ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯವರು ತಪ್ಪಿ ತಮ್ಮ ಮುಖ್ಯ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಇದೆ ಅಂದುಕೊಂಡಿದ್ದರು. ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಅದು ಎಷ್ಟೋ ದಿನದಿಂದ ಸದ್ದಿಲ್ಲದೆ ವಿಫಲ ಆಗುತ್ತಿತ್ತು. ಯಾರೋ ಬೇರೆ ಕೆಲಸಕ್ಕೆ ಆರು ತಾಸು ಮೊದಲು ತೆಗೆದಿದ್ದ ಪ್ರತಿ ಅವರನ್ನು ಉಳಿಸಿತು. ಅಂಥ ಇಂಜಿನಿಯರ್‌ಗಳಿಗೇ ಹಾಗಾಯಿತು.

ರಾತ್ರಿ ಪೂರ್ತಿ ಬ್ಯಾಕಪ್ ಸಾಲದು. ಡೇಟಾಬೇಸ್‌ನ ರಿಕವರಿ ಮಾದರಿ ಎಂಬ ಸೆಟ್ಟಿಂಗ್ ಅನ್ನು ಫುಲ್ ಇಟ್ಟು, ಹಂಗಾಮಿನಲ್ಲಿ 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ ತೆಗೆಯಿರಿ. ನಾನು ನೋಡಿಕೊಳ್ಳುವ ಒಂದು ಕಡೆ 11:40ಕ್ಕೆ ಒಬ್ಬರು ಷರತ್ತು ಹಾಕದೆ ಅಪ್‌ಡೇಟ್ ಕೊಟ್ಟರು. ಒಬ್ಬರ ದರ ಬದಲಿಸಲು ಹೋಗಿ ಎಲ್ಲರ ದರ ಬದಲಾಯಿತು. ಲಾಗ್ ಇದ್ದುದರಿಂದ 11:39ರ ಸ್ಥಿತಿಗೆ ಬೇರೆ ಡೇಟಾಬೇಸ್ ಎಬ್ಬಿಸಿ, ದರದ ಟೇಬಲ್ ಮಾತ್ರ ತಂದು ಹಾಕಿದೆವು. ಇದಕ್ಕೆ ಎಂಟರ್‌ಪ್ರೈಸ್ ಬೇಕಿಲ್ಲ, ಎಕ್ಸ್‌ಪ್ರೆಸ್‌ನಲ್ಲೂ ಆಗುತ್ತದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ)

ಸರ್, ಶೆಡ್ಯೂಲರ್‌ನಲ್ಲಿ ಟಾಸ್ಕ್ ಇತ್ತು, ಆದರೆ ಸರ್ವರ್ ಪಾಸ್‌ವರ್ಡ್ ಬದಲಿಸಿದ ಮೇಲೆ ಓಡೇ ಇಲ್ಲ. ಕೊನೆಯ ಫೈಲ್ ದಸರೆಯದು! ಸರಿ ಮಾಡಿ, ಹಳೆಯ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿದೆ. ಕೊನೆಯ ಚೀಟಿ ಸಿಕ್ಕಿತು. ಫೋಟೋ ಎಲ್ಲ ಫೋಲ್ಡರ್‌ಗೆ ಹೋದವು. ಡೇಟಾಬೇಸ್ ಈಗ ಹಗುರ. ಎಂಡಿ ಸಾಹೇಬರು ಖುಷಿ.

ಉತ್ತರ

ಒಳ್ಳೆಯದಾಯಿತು. ಫೋಟೋ ಫೋಲ್ಡರ್‌ನ ಬ್ಯಾಕಪ್ ಎಲ್ಲಿ ಹೋಗುತ್ತಿದೆ? ಮೊದಲು ಡೇಟಾಬೇಸ್ ಜೊತೆ ಅದೂ ಬರುತ್ತಿತ್ತು. ಈಗ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಅಯ್ಯೋ. ಅದನ್ನ ಯೋಚನೆನೇ ಮಾಡಿರಲಿಲ್ಲ ಸರ್.

ಉತ್ತರ

ಫೋಲ್ಡರ್ ನಕಲು ಮಾಡಲು ರೋಬೋಕಾಪಿ ಅಂತ ವಿಂಡೋಸ್‌ನಲ್ಲೇ ಇದೆ. ರಾತ್ರಿ ಒಂದು ಗಂಟೆಗೆ ಇನ್ನೊಂದು ಡಿಸ್ಕಿಗೆ ಹಾಕಿ. ಟಾಸ್ಕ್ ಯಾರ ಪಾಸ್‌ವರ್ಡ್ ಮೇಲೆ ಓಡುತ್ತದೆ ಅಂತ ಈ ಸಲ ಒಂದು ಚೀಟಿಯಲ್ಲಿ ಬರೆದು ಆ ಹುಡುಗನಿಗೂ ಕೊಡಿ.